ಕಾಲೇಜು ಮುಚ್ಚಿದ ಮೇಲೆ ಮೇಷ್ಟ್ರ ಪಾಡು

2016ರ ಸೆಪ್ಟೆಂಬರ್ 6, ಮಂಗಳವಾರ. ಹಿಂದಿನ ದಿನ ಅಮೆರಿಕದಲ್ಲಿ ಕಾರ್ಮಿಕರ ದಿನದ ರಜೆ. ರಜೆ ಮುಗಿಸಿ ಎದ್ದವರಿಗೆ ಐಟಿಟಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಖಾಸಗಿ ಕಾಲೇಜು ಸಮೂಹ ಬಾಗಿಲು ಹಾಕಿದ ಸುದ್ದಿ ಕಾದಿತ್ತು. 38 ರಾಜ್ಯಗಳಲ್ಲಿದ್ದ ಸುಮಾರು 130 ಕ್ಯಾಂಪಸ್‌ಗಳು ಒಂದೇ ಏಟಿಗೆ ಬಂದ್. ಎಂಟು ಸಾವಿರಕ್ಕೂ ಹೆಚ್ಚಿದ್ದ ನೌಕರರಲ್ಲಿ ಬಹುತೇಕ ಎಲ್ಲರ ಕೆಲಸ ಹೋಯಿತು.

ವಿದ್ಯಾರ್ಥಿಗಳ ಕಥೆ ಆಮೇಲೆ ಎಲ್ಲ ಪತ್ರಿಕೆಗಳಲ್ಲೂ ಬಂತು. ತಡವಾಗಿಯಾದರೂ ಅವರಿಗೆ ಪರಿಹಾರವೂ ಸಿಕ್ಕಿತು. 2022ರ ಆಗಸ್ಟ್‌ನಲ್ಲಿ ಐಟಿಟಿಯ 2.08 ಲಕ್ಷ ಮಾಜಿ ವಿದ್ಯಾರ್ಥಿಗಳ 390 ಕೋಟಿ ಡಾಲರ್ ಸಾಲವನ್ನು ಅಲ್ಲಿನ ಶಿಕ್ಷಣ ಇಲಾಖೆ ಮನ್ನಾ ಮಾಡಿತು. ಅದಕ್ಕೆ ಎರಡು ತಿಂಗಳ ಮುಂಚೆ, 2015ರಲ್ಲಿ ಮುಚ್ಚಿದ್ದ ಕೊರಿಂಥಿಯನ್ ಕಾಲೇಜುಗಳ 5.6 ಲಕ್ಷ ಸಾಲಗಾರರ 580 ಕೋಟಿ ಡಾಲರ್ ಮನ್ನಾ ಆಗಿತ್ತು. ಅದೇ ತರಗತಿಗಳಲ್ಲಿ ಪಾಠ ಮಾಡುತ್ತಿದ್ದ ಅರೆಕಾಲಿಕ ಬೋಧಕರು ಏನಾದರು? ಅಲ್ಲಿನವರು ಇವರನ್ನು ಅಡ್ಜಂಕ್ಟ್ ಅನ್ನುತ್ತಾರೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ನೆನೆದುಕೊಂಡರೆ ಚಿತ್ರ ಅರ್ಧ ಸಿಕ್ಕಂತೆ. ಒಂದೊಂದು ಅವಧಿಗೆ ಒಂದೊಂದು ಒಪ್ಪಂದ, ಕೋರ್ಸ್ ಲೆಕ್ಕದ ಸಂಬಳ, ಮುಂದಿನ ಅವಧಿಯ ಖಾತರಿ ಇಲ್ಲ.

ಉಳಿದರ್ಧ ನಮಗೆ ಅಷ್ಟು ಪರಿಚಿತವಲ್ಲ. ನಮ್ಮಲ್ಲಿ ಕಾನೂನಿನ ಕಣ್ಣಿಗೆ ಕಾಲೇಜು ಲಾಭದ ವ್ಯಾಪಾರವಲ್ಲ, ಟ್ರಸ್ಟೋ ಸೊಸೈಟಿಯೋ ಅಂಥದೇ ಲಾಭರಹಿತ ಸಂಸ್ಥೆಯೋ ನಡೆಸಬೇಕು (ಡೊನೇಷನ್ ಮಾತು ಬೇರೆ, ಅದನ್ನು ಎಲ್ಲರೂ ಬಲ್ಲರು). ಅಮೆರಿಕದಲ್ಲಿ ಕಾಲೇಜು ನಡೆಸುವ ಕಂಪನಿ ಷೇರುಪೇಟೆಯಲ್ಲೇ ಇರಬಹುದು, ಪ್ರತಿ ಮೂರು ತಿಂಗಳಿಗೆ ಷೇರುದಾರರಿಗೆ ಲಾಭದ ಲೆಕ್ಕ ಒಪ್ಪಿಸಬಹುದು. ಐಟಿಟಿ, ಕೊರಿಂಥಿಯನ್ ಎರಡೂ ಅಂಥವೇ.

ಈ ವ್ಯಾಪಾರ ಬೆಳೆದದ್ದು ಸರ್ಕಾರದ ದುಡ್ಡಿನಲ್ಲಿ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಹೊರುವ ಕಾನೂನು 1944ರಲ್ಲಿ ಬಂದಾಗ ಖಾಸಗಿ ಕಸುಬುಶಾಲೆಗಳು ನಾಯಿಕೊಡೆಗಳಂತೆ ಎದ್ದವು. ಕೆಲವು ಬರೀ ಸೈನಿಕರ ದುಡ್ಡಿಗಾಗಿಯೇ ಹುಟ್ಟಿದವು ಎಂಬುದು ಬೇಗ ಗೊತ್ತಾಯಿತು. 1952ರಲ್ಲಿ, ಒಂದು ಕೋರ್ಸಿಗೆ ಸೇರುವವರಲ್ಲಿ ಶೇ 15ರಷ್ಟಾದರೂ ಸ್ವಂತ ಖರ್ಚಿನವರಿರಬೇಕು ಎಂಬ ನಿಯಮ ಮಾಡಿದರು. 1972ರಲ್ಲಿ ಬಡ ವಿದ್ಯಾರ್ಥಿಗಳ ಕೇಂದ್ರ ಅನುದಾನ ಈ ಶಾಲೆಗಳಿಗೂ ತೆರೆದುಕೊಂಡಿತು. 1992ರಲ್ಲಿ ಕಡಿವಾಣ ಮತ್ತೆ ಬಂತು: ಕಾಲೇಜಿನ ಆದಾಯದಲ್ಲಿ ಶಿಕ್ಷಣ ಇಲಾಖೆಯ ನೆರವು ಶೇ 85 ಮೀರಕೂಡದು. 1998ರಲ್ಲಿ ಆ ಮಿತಿಯನ್ನು ಶೇ 90ಕ್ಕೆ ಸಡಿಲಿಸಿದರು. ನೂರು ರೂಪಾಯಿ ಆದಾಯದಲ್ಲಿ ತೊಂಬತ್ತು ಸರ್ಕಾರದ್ದಾದರೂ ಅದು ಖಾಸಗಿ ಉದ್ಯಮವೇ!

ಅರೆಕಾಲಿಕ ಬೋಧಕರನ್ನೇ ನೆಚ್ಚಿ ಕಾಲೇಜು ಕಟ್ಟಬಹುದು ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು 1976ರಲ್ಲಿ ಜಾನ್ ಸ್ಪೆರ್ಲಿಂಗ್ ಸ್ಥಾಪಿಸಿದ ಫೀನಿಕ್ಸ್ ವಿಶ್ವವಿದ್ಯಾಲಯ. ಹಗಲು ಕಂಪನಿಯಲ್ಲಿ ದುಡಿಯುವವರು ಸಂಜೆ ಬಂದು, ಹಗಲು ದುಡಿಯುವ ವಿದ್ಯಾರ್ಥಿಗಳಿಗೆ ಕಲಿಸುವುದು. ಕಲ್ಪನೆ ಕೆಟ್ಟದ್ದೇನಲ್ಲ. ಇಪ್ಪತ್ತು ವರ್ಷ ಟೆಲಿಫೋನ್ ಕಂಪನಿಯಲ್ಲಿದ್ದವನಿಗಿಂತ ಚೆನ್ನಾಗಿ ಸರ್ಕ್ಯೂಟ್ ಕಲಿಸುವವರು ಯಾರು? ಆದರೆ ಪಠ್ಯ, ಸ್ಲೈಡು, ಪರೀಕ್ಷೆ ಎಲ್ಲವೂ ಕೇಂದ್ರ ಕಚೇರಿಯಿಂದಲೇ ಸಿದ್ಧವಾಗಿ ಬರತೊಡಗಿದಾಗ ಮೇಷ್ಟ್ರ ಕೈಯಲ್ಲಿ ತನ್ನದು ಅನ್ನುವಂಥದ್ದು ಹೆಚ್ಚೇನೂ ಉಳಿಯಲಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಅದೇ ಸ್ಲೈಡು ತೋರಿಸಿದರಾಯಿತು.

2008ರ ಆರ್ಥಿಕ ಕುಸಿತ ಈ ಕಂಪನಿಗಳಿಗೆ ಸುಗ್ಗಿ ತಂದಿತು. ಕೆಲಸ ಹೋದವರು ಹೊಸ ವಿದ್ಯೆಗಾಗಿ ಕಾಲೇಜಿಗೆ ಬಂದರು. 2010ರಲ್ಲಿ ಫೀನಿಕ್ಸ್ ಒಂದರಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಸೆನೆಟರ್ ಟಾಮ್ ಹಾರ್ಕಿನ್ ನೇತೃತ್ವದ ಸಮಿತಿ 30 ಕಂಪನಿಗಳ ಒಳಲೆಕ್ಕ ತೆಗೆದು 2012ರಲ್ಲಿ ವರದಿ ಕೊಟ್ಟಿತು. ಆದಾಯದ ಶೇ 22.7 ಪ್ರಚಾರ ಮತ್ತು ನೇಮಕಾತಿಗೆ, ಶೇ 19.4 ಲಾಭಕ್ಕೆ, ಪಾಠಕ್ಕೆ ಶೇ 17.2. ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು 35,202 ಮಂದಿ, ಓದಿದವರಿಗೆ ಕೆಲಸ ಹುಡುಕಿಕೊಡಲು 3,512. ಬೋಧಕರಲ್ಲಿ ಶೇ 80ರಷ್ಟು ಅರೆಕಾಲಿಕರು. ಮುಂದೆ ಕಾಲೇಜು ಮುಚ್ಚಿದಾಗ ಬೋಧಕರಿಗೆ ಏನಾಯಿತು ಎಂಬುದರ ಬೇರು ಈ ಕೊನೆಯ ಅಂಕಿಯಲ್ಲಿದೆ.

ಐಟಿಟಿಯನ್ನು ಕೆಡವಿದ್ದು ಒಂದು ಜಾಮೀನು. 2016ರ ಆಗಸ್ಟ್ 25ರಂದು ಶಿಕ್ಷಣ ಇಲಾಖೆ, ಸರ್ಕಾರಿ ನೆರವಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಸೇರಿಸಬಾರದು, ಇಟ್ಟಿದ್ದ 9.44 ಕೋಟಿ ಡಾಲರ್ ಜಾಮೀನನ್ನು 30 ದಿನದಲ್ಲಿ 24.73 ಕೋಟಿಗೆ ಏರಿಸಬೇಕು ಎಂದಿತು. ಎರಡು ವಾರದೊಳಗೆ ಕಂಪನಿ ಕೈಚೆಲ್ಲಿತು, ಸೆಪ್ಟೆಂಬರ್ 16ಕ್ಕೆ ದಿವಾಳಿ ಅರ್ಜಿ ಹಾಕಿತು. ಇಲಾಖೆಯ ಆದೇಶಕ್ಕೆ ಕಾರಣಗಳಿದ್ದವು. ವಂಚನೆ ಆರೋಪದ ಮೇಲೆ ಷೇರುಪೇಟೆ ನಿಯಂತ್ರಕರೂ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆಯೂ ಕಂಪನಿಯ ಮೇಲೆ ಕೇಸು ಹಾಕಿದ್ದವು. ಆ ಜಾಮೀನಿನ ಉದ್ದೇಶ, ಕಾಲೇಜು ಮುಳುಗಿದರೆ ವಿದ್ಯಾರ್ಥಿ ಸಾಲದ ಹೊರೆ ತೆರಿಗೆದಾರರ ಮೇಲೆ ಬೀಳದಿರಲಿ ಎಂಬುದು. ಮೇಷ್ಟ್ರ ಸಂಬಳ ಅದರ ಲೆಕ್ಕದಲ್ಲಿರಲಿಲ್ಲ.

ಹಾಗಾದರೆ ಮೇಷ್ಟ್ರಿಗೆ ಯಾವ ಕಾನೂನಿನ ಆಸರೆ? ನೂರು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಘಟಕ ಮುಚ್ಚುವಾಗ 60 ದಿನ ಮುಂಚೆ ನೋಟಿಸ್ ಕೊಡಬೇಕೆಂದು 1988ರ ಒಂದು ಕೇಂದ್ರ ಕಾಯ್ದೆ ಹೇಳುತ್ತದೆ. ಆದರೆ ಒಂದೇ ಸ್ಥಳದಲ್ಲಿ ಕನಿಷ್ಠ 50 ಮಂದಿಯ ಕೆಲಸ ಹೋಗಬೇಕು. ವಾರಕ್ಕೆ ಸರಾಸರಿ 20 ಗಂಟೆಗಿಂತ ಕಡಿಮೆ ದುಡಿಯುವವರು ಈ ಎಣಿಕೆಗೆ ಬರುವುದಿಲ್ಲ. ಈಗ ನೀವೇ ಲೆಕ್ಕ ಹಾಕಿ. ಎಂಟು ಸಾವಿರವನ್ನು 130 ಕ್ಯಾಂಪಸ್‌ಗೆ ಹಂಚಿದರೆ ತಲಾ 60ರ ಆಸುಪಾಸು. ಅದರಿಂದ ಕೇಂದ್ರ ಕಚೇರಿಯವರನ್ನು ಕಳೆಯಿರಿ, ಸಂಜೆ ಒಂದೋ ಎರಡೋ ಕೋರ್ಸ್ ತೆಗೆದುಕೊಳ್ಳುವವರನ್ನು ಕಳೆಯಿರಿ. ಎಷ್ಟು ಕ್ಯಾಂಪಸ್ 50ರ ಗೆರೆ ದಾಟೀತು? ಗೆರೆ ದಾಟಿದ ಕಡೆ ಅರೆಕಾಲಿಕರಿಗೂ ನೋಟಿಸಿನ ಹಕ್ಕು ಸಿಗುತ್ತದೆ, ಅದು ನಿಜ. ಆದರೆ ಅವರು ಹೆಚ್ಚಿದ್ದಷ್ಟೂ ಗೆರೆ ದಾಟುವುದೇ ಕಷ್ಟ. ಕಾಲೇಜು ಮುಚ್ಚಿದ ಕೆಲವೇ ದಿನಗಳಲ್ಲಿ ಮಾಜಿ ನೌಕರರು ಇದೇ ಕಾಯ್ದೆ ಹಿಡಿದು ಕೋರ್ಟಿಗೆ ಹೋದರು. ಬಾಕಿ ಸಂಬಳವಿದ್ದರೆ ದಿವಾಳಿ ಕಾನೂನಿನಲ್ಲಿ ಅದಕ್ಕೆ ಆದ್ಯತೆ ಇದೆ. ಆಗಿನ ಮಿತಿ ತಲಾ 12,850 ಡಾಲರ್. ಅದನ್ನು ಪಡೆಯಲು ಕಂಪನಿಗೆ ಸಾಲ ಕೊಟ್ಟವರ ಜೊತೆ ಸಾಲಿನಲ್ಲಿ ನಿಂತು ಕ್ಲೇಮು ಸಲ್ಲಿಸಬೇಕು.

ನಿರುದ್ಯೋಗ ಭತ್ಯೆಯ ಗೋಜಲು ಇನ್ನೊಂದು. ಅರೆಕಾಲಿಕ ಬೋಧಕರಲ್ಲಿ ಅನೇಕರು ಎರಡು ಮೂರು ಕಾಲೇಜುಗಳ ನಡುವೆ ಕಾರಿನಲ್ಲೇ ಜೀವನ ಸವೆಸುವವರು. ಒಂದು ಮುಚ್ಚಿದರೂ ಇನ್ನೊಂದರಲ್ಲಿ ಒಂದು ಕೋರ್ಸ್ ಉಳಿದಿರುತ್ತದೆ. ಆ ಸಂಪಾದನೆ ಭತ್ಯೆಯನ್ನು ಕೊಯ್ಯುತ್ತದೆ. ಬೇಸಿಗೆ ರಜೆಯಲ್ಲಿ ಮತ್ತೊಂದು ತಕರಾರು: ಸರ್ಕಾರಿ ಮತ್ತು ಲಾಭರಹಿತ ಕಾಲೇಜಿನ ಬೋಧಕರಿಗೆ ಮುಂದಿನ ಅವಧಿಗೆ ಕೆಲಸ ಸಿಗುವ ಸಾಕಷ್ಟು ಭರವಸೆ ಇದ್ದರೆ ಆ ಸಂಬಳದ ಆಧಾರದ ಮೇಲೆ ರಜೆಯಲ್ಲಿ ಭತ್ಯೆ ಇಲ್ಲ. ವಿದ್ಯಾರ್ಥಿಗಳು ಸೇರಿದರೆ ಕರೆಯುತ್ತೇವೆ ಎಂಬ ಒಂದು ಸಾಲಿನ ಮಾತು ಭರವಸೆಯೇ? ಅಲ್ಲ ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯ 1989ರಲ್ಲೇ ಹೇಳಿತ್ತು. ಕೇಂದ್ರ ಕಾರ್ಮಿಕ ಇಲಾಖೆ ಅರೆಕಾಲಿಕರ ಸ್ಥಿತಿ ನೋಡಿಕೊಂಡು ಹೊಸ ಮಾರ್ಗಸೂಚಿ ಕೊಟ್ಟದ್ದು 2016ರ ಡಿಸೆಂಬರ್‌ನಲ್ಲಿ.

ಇನ್ನು ಹೊಸ ಕೆಲಸ. ಅರ್ಜಿಯಲ್ಲಿ ಹಿಂದಿನ ಮೇಲಧಿಕಾರಿಯ ಹೆಸರು, ಫೋನ್ ನಂಬರ್ ಕೇಳುತ್ತಾರೆ. ಆ ಮೇಲಧಿಕಾರಿಯೂ ಅದೇ ಮಂಗಳವಾರ ಕೆಲಸ ಕಳೆದುಕೊಂಡು ತಾನೂ ಅರ್ಜಿ ತುಂಬುತ್ತಾ ಕೂತಿರುತ್ತಾನೆ. ಕಾಲೇಜಿನ ಇಮೇಲು ಬಂದ್ ಆಗಿದ್ದರೆ ವಿದ್ಯಾರ್ಥಿಗಳ ಅಭಿಪ್ರಾಯಪತ್ರಗಳೂ ಅದರೊಳಗೇ ಉಳಿದವು. ಇವೆಲ್ಲ ಚಿಲ್ಲರೆ ಕಿರಿಕಿರಿ. ದೊಡ್ಡ ತೊಡಕು ಅರ್ಹತೆಯದು. ಸಾಂಪ್ರದಾಯಿಕ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳು (ನಮ್ಮ ನ್ಯಾಕ್ ಇದ್ದಂತೆ, ಆದರೆ ಅಲ್ಲಿ ಹಲವು) ಸಾಮಾನ್ಯವಾಗಿ ಬೋಧಕರಿಗೆ ಸ್ನಾತಕೋತ್ತರ ಪದವಿ, ಅದೂ ಬೇರೆ ವಿಷಯದ್ದಾದರೆ ಕಲಿಸುವ ವಿಷಯದಲ್ಲಿ 18 ಕ್ರೆಡಿಟ್ ಕೇಳುತ್ತವೆ. ಐಟಿಟಿಗೆ ಮಾನ್ಯತೆ ಕೊಟ್ಟಿದ್ದ ಎಸಿಐಸಿಎಸ್ ಸಂಸ್ಥೆಯೇ ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರದ ಮನ್ನಣೆ ಕಳೆದುಕೊಂಡಿತು. ಡಿಪ್ಲೊಮಾ ಅಥವಾ ಬಿ.ಎಸ್. ಪದವಿ, ಹದಿನೈದು ವರ್ಷ ನೆಟ್‌ವರ್ಕಿಂಗ್ ಅನುಭವ ಇರುವ ಒಬ್ಬ ಬೋಧಕರನ್ನು ಊಹಿಸಿಕೊಳ್ಳಿ. ನೆಟ್‌ವರ್ಕಿಂಗ್ ಕಲಿಸಲು ಕಮ್ಯುನಿಟಿ ಕಾಲೇಜು (ಎರಡು ವರ್ಷದ ಕೋರ್ಸುಗಳ ಸ್ಥಳೀಯ ಸರ್ಕಾರಿ ಕಾಲೇಜು) ಅವರ ಅನುಭವವನ್ನೇ ಅರ್ಹತೆ ಎಂದು ಒಪ್ಪಬಹುದು. ಗಣಿತವನ್ನೂ ಜೊತೆಗೆ ಕಲಿಸುತ್ತಿದ್ದರೆ ಗಣಿತದ ಬಾಗಿಲು ಮುಚ್ಚಿದಂತೆ.

ಎಲ್ಲರ ಪಾಡೂ ಒಂದೇ ಅಲ್ಲ. ನರ್ಸಿಂಗ್ ಬೋಧಕರಿಗೆ ಅಮೆರಿಕದಲ್ಲಿ ಎಲ್ಲೆಡೆ ಕೊರತೆ. ಸ್ನಾತಕೋತ್ತರ ನರ್ಸಿಂಗ್ ಪದವಿ ಇದ್ದವರಿಗೆ ಕಷ್ಟ ಅಷ್ಟಿರಲಿಲ್ಲ, ಕೊನೆಗೆ ಆಸ್ಪತ್ರೆಯಂತೂ ಇದ್ದೇ ಇದೆ. ವೆಲ್ಡಿಂಗ್, ಎಲೆಕ್ಟ್ರಿಕಲ್ ಕಲಿಸುವವರು ಹೈಸ್ಕೂಲಿನ ವೃತ್ತಿ ಶಿಕ್ಷಣಕ್ಕೆ ಹೋಗಬಹುದಿತ್ತು; ಹಲವು ರಾಜ್ಯಗಳು ಅದಕ್ಕೆ ಕಸುಬಿನ ಅನುಭವವನ್ನೇ ನೋಡಿ ಲೈಸೆನ್ಸ್ ಕೊಡುತ್ತವೆ. ಸಾಫ್ಟ್‌ವೇರ್‌ನವರ ಕಣ್ಣು ಆಗ ಹೊಸದಾಗಿದ್ದ, ಕೆಲವೇ ತಿಂಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಕೋಡಿಂಗ್ ಬೂಟ್‌ಕ್ಯಾಂಪ್‌ಗಳ ಮೇಲಿತ್ತು. 2017ರ ಜುಲೈನಲ್ಲಿ ಡೆವ್ ಬೂಟ್‌ಕ್ಯಾಂಪ್, ಐರನ್ ಯಾರ್ಡ್ ಎರಡೂ ಮುಚ್ಚುವುದಾಗಿ ಹೇಳಿದವು. ಐರನ್ ಯಾರ್ಡ್‌ನ ದೊಡ್ಡ ಪಾಲು ಫೀನಿಕ್ಸ್‌ನ ಮಾತೃಸಂಸ್ಥೆ ಅಪೊಲೊ ಕೈಯಲ್ಲಿತ್ತು!

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಇಂಗ್ಲಿಷ್, ಮನಃಶಾಸ್ತ್ರ, ಸಂವಹನದಂಥ ಸಾಮಾನ್ಯ ವಿಷಯಗಳ ಬೋಧಕರು ಎಂದು ನನ್ನ ಅಂದಾಜು. ಅವರ ಬಳಿ ಸ್ನಾತಕೋತ್ತರ ಪದವಿ ಇತ್ತು, ಹೋಗಲು ಜಾಗ ಇರಲಿಲ್ಲ. 2010ರ ಸುಗ್ಗಿ ಇಳಿದಾಗ ಲಾಭದ ಕಾಲೇಜುಗಳ ಜೊತೆಗೆ ಕಮ್ಯುನಿಟಿ ಕಾಲೇಜುಗಳ ಸೇರ್ಪಡೆಯೂ ಇಳಿಯುತ್ತಾ ಬಂದಿತ್ತು. ಸೇರ್ಪಡೆ ಇಳಿದಾಗ ಮೊದಲು ಕಡಿತವಾಗುವುದು ಅಡ್ಜಂಕ್ಟ್‌ಗಳ ಕೋರ್ಸುಗಳೇ. ಕೆಲಸ ಸಿಕ್ಕರೂ ಅದು ಮತ್ತದೇ ಬಗೆಯ ಕೆಲಸ. ಅಮೆರಿಕದ ಬೋಧಕರಲ್ಲಿ ಕಾಯಂ ಹುದ್ದೆಯ ಹಾದಿಯಲ್ಲಿ ಇಲ್ಲದವರು 1987ರಲ್ಲಿ ಸುಮಾರು ಶೇ 47, 2021ರಲ್ಲಿ ಶೇ 68. ಮೂರು ಕ್ರೆಡಿಟ್ಟಿನ ಒಂದು ಕೋರ್ಸಿಗೆ ನಡುಮಟ್ಟದ ಸಂಬಳ 2010ರ ಸಮೀಕ್ಷೆಯೊಂದರಲ್ಲಿ 2,700 ಡಾಲರ್. ಸಂಬಳದ ಜೊತೆ ಆರೋಗ್ಯ ವಿಮೆ ಸಿಗುವುದು ಅಪರೂಪ.

ಕಾಲೇಜುಗಳು ಮುಚ್ಚುವುದೂ ನಿಲ್ಲಲಿಲ್ಲ. 2018ರ ಡಿಸೆಂಬರ್‌ನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಎಜುಕೇಶನ್ ಕಾರ್ಪೊರೇಶನ್ ಆಫ್ ಅಮೆರಿಕ ಎಪ್ಪತ್ತಕ್ಕೂ ಹೆಚ್ಚು ಕ್ಯಾಂಪಸ್‌ ಮುಚ್ಚಿತು. 2019ರ ಮಾರ್ಚ್‌ನಲ್ಲಿ ಆರ್ಗೊಸಿ ವಿಶ್ವವಿದ್ಯಾಲಯ ಅವಧಿಯ ನಡುವೆಯೇ ನಿಂತಿತು. ವಿದ್ಯಾರ್ಥಿಗಳ ಕೈಗೆ ಸೇರಬೇಕಿದ್ದ ಸುಮಾರು 1.3 ಕೋಟಿ ಡಾಲರ್ ನೆರವನ್ನು ಸಂಬಳದಂಥ ಖರ್ಚಿಗೆ ಬಳಸಿಕೊಂಡಿದೆ ಎಂಬುದು ಶಿಕ್ಷಣ ಇಲಾಖೆಯ ಆರೋಪವಾಗಿತ್ತು. ವಿದ್ಯಾರ್ಥಿಯ ಬಾಡಿಗೆ ದುಡ್ಡಿನಲ್ಲಿ ತನಗೆ ಸಂಬಳ ಬಂದಿತ್ತು ಎಂದು ಪಾಠ ಮಾಡಿದವರಿಗೆ ಗೊತ್ತಾದದ್ದು ಪತ್ರಿಕೆ ಓದಿಯೇ ಇರಬೇಕು. ಅದೇ ಒಡೆತನದಲ್ಲಿದ್ದು ಆಮೇಲೆ ಲಾಭರಹಿತ ಪ್ರತಿಷ್ಠಾನವೊಂದರ ಕೈಸೇರಿದ್ದ ಆರ್ಟ್ ಇನ್‌ಸ್ಟಿಟ್ಯೂಟ್‌ಗಳ ಉಳಿದ ಎಂಟು ಕ್ಯಾಂಪಸ್‌ಗಳು 2023ರ ಸೆಪ್ಟೆಂಬರ್ 30ರಂದು ಮುಚ್ಚಿದವು. ಸುದ್ದಿ ತಿಳಿಸಿದ್ದು ಎಂಟು ದಿನ ಮುಂಚೆ.

ಆ ವರ್ಷದ ಜುಲೈನಲ್ಲಿ ಒಂದು ಸಣ್ಣ ಬದಲಾವಣೆ ಬಂದಿತ್ತು. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ದುಡಿದು 120 ಕಂತು ಕಟ್ಟಿದವರ ಶಿಕ್ಷಣ ಸಾಲದ ಬಾಕಿ ಮನ್ನಾ ಮಾಡುವ ಯೋಜನೆ 2007ರಿಂದ ಇದೆ. ಸ್ನಾತಕೋತ್ತರ ಪದವಿಗಾಗಿ ಸಾಲ ಮಾಡಿದ ಅಡ್ಜಂಕ್ಟ್‌ಗಳಿಗೆ ಪೂರ್ಣಾವಧಿ ಎಂದು ತೋರಿಸುವುದೇ ಕಷ್ಟವಾಗಿತ್ತು, ತರಗತಿಯ ಗಂಟೆಯನ್ನಷ್ಟೇ ಎಣಿಸಿದರೆ ಮನೆಯಲ್ಲಿ ಉತ್ತರಪತ್ರಿಕೆ ತಿದ್ದಿದ ಹೊತ್ತು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೊಸ ನಿಯಮದಲ್ಲಿ ಒಂದು ಕ್ರೆಡಿಟ್ ಗಂಟೆಯನ್ನು 3.35 ಗಂಟೆ ದುಡಿಮೆ ಎಂದು ಎಣಿಸಬೇಕು. ಮೂರು ಕ್ರೆಡಿಟ್ಟಿನ ಮೂರು ಕೋರ್ಸ್ ಕಲಿಸಿದರೆ ವಾರಕ್ಕೆ 30.15 ಗಂಟೆ, ಪೂರ್ಣಾವಧಿಗೆ ಬೇಕಾದದ್ದು 30. ಐಟಿಟಿ ಮುಚ್ಚಿ ಕಮ್ಯುನಿಟಿ ಕಾಲೇಜಿಗೆ ಬಂದವರಿಗೂ ಇದು ದಕ್ಕುತ್ತದೆ, ಆದರೆ ಎಣಿಕೆ ಶುರುವಾಗುವುದು ಕಮ್ಯುನಿಟಿ ಕಾಲೇಜಿಗೆ ಕಾಲಿಟ್ಟ ದಿನದಿಂದ. ಐಟಿಟಿಯಲ್ಲಿ ಎಷ್ಟು ವರ್ಷ ಕಲಿಸಿದ್ದರೂ ಆ ವರ್ಷಗಳಿಗೆ ಈ ಯೋಜನೆಯಲ್ಲಿ ಸೊನ್ನೆ, ಮಾಲೀಕ ಲಾಭದ ಕಂಪನಿಯಾಗಿದ್ದ ಕಾರಣಕ್ಕೆ.