ಕಾರ್‌ರಹಿತ ದಿನ ಅಂದರೆ ಬಂದ್ ಅಲ್ಲ

ಪ್ರಶ್ನೆ: ಮಂಗಳೂರಿನಲ್ಲೂ ಕಾರ್ ಫ್ರೀ ಡೇ ಮಾಡಬೇಕು ಅಂತ ಕೆಲವರು ಹೇಳುತ್ತಾರೆ. ಇದು ಎಲ್ಲಿಂದ ಬಂದ ಪದ್ಧತಿ? ಆ ದಿನ ವಾಹನವೆಲ್ಲ ನಿಂತರೆ ಆಸ್ಪತ್ರೆಗೆ, ಕೆಲಸಕ್ಕೆ ಹೋಗುವವರ ಗತಿ ಏನು?

ಉತ್ತರ: ಪ್ರತಿ ಸೆಪ್ಟೆಂಬರ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಕೊನೆಯ ಆ ಸಾಲು ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ.

ಮೊದಲು ಕಾರು ನಿಂತದ್ದು ಪೆಟ್ರೋಲ್ ಕೊರತೆಯಿಂದ. 1956ರಲ್ಲಿ ಸುಯೆಜ್ ಕಾಲುವೆ ಮುಚ್ಚಿ ತೈಲದ ಹಡಗುಗಳು ಬಾರದಾದಾಗ, ನೆದರ್ಲೆಂಡ್ಸ್‌ನಲ್ಲಿ ನವೆಂಬರ್ 25ರಿಂದ ಕೆಲವು ವಾರ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿದರು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಮತ್ತೆ ಅದೇ ಕಥೆ. ನವೆಂಬರ್ 4ರಂದು ನೆದರ್ಲೆಂಡ್ಸ್ ಶುರುಮಾಡಿತು. ಆಮೇಲೆ ಪಶ್ಚಿಮ ಜರ್ಮನಿ ನಾಲ್ಕು ಭಾನುವಾರ, ಸ್ವಿಟ್ಜರ್ಲೆಂಡ್ ಮೂರು ಭಾನುವಾರ. ಖಾಲಿ ಹೆದ್ದಾರಿಯಲ್ಲಿ ಮಕ್ಕಳು ಸ್ಕೇಟಿಂಗ್ ಮಾಡುವ ಹಳೆಯ ಫೋಟೋಗಳನ್ನು ನೀವು ನೋಡಿರಬಹುದು, ಅವು ಆ ದಿನಗಳವು. ಒತ್ತಾಯವಿಲ್ಲದೆ, ಊರಿನ ಒಳ್ಳೆಯದಕ್ಕೆಂದೇ ಮಾಡಿದವರಲ್ಲಿ ಫ್ರಾನ್ಸಿನ ಲಾ ರೊಷೆಲ್ ಹೆಸರು ಮುಖ್ಯ. 1997ರ ಸೆಪ್ಟೆಂಬರ್ 9ರಂದು ಅಲ್ಲಿ ಪೇಟೆಯ ನಡುಭಾಗಕ್ಕೆ ಕಾರು ಬಿಡಲಿಲ್ಲ. ಮರುವರ್ಷ ಸೆಪ್ಟೆಂಬರ್ 22ರಂದು ಫ್ರಾನ್ಸಿನ 35 ಊರುಗಳು ಸೇರಿಕೊಂಡವು. 2000ದಲ್ಲಿ ಯುರೋಪಿಯನ್ ಕಮಿಷನ್ ಕೈಜೋಡಿಸಿತು, ತಾರೀಕು ಜಗತ್ತಿಗೆಲ್ಲ ಗೊತ್ತಾಯಿತು.

ಈಗ ಆ ಹಠಮಾರಿ ನಂಬಿಕೆಗೆ ಬರುತ್ತೇನೆ: ಕಾರ್‌ರಹಿತ ದಿನ ಅಂದರೆ ಬಂದ್ ಇದ್ದ ಹಾಗೆ, ಎಲ್ಲ ಸ್ತಬ್ಧ. ಇಲ್ಲ ಮಾರಾಯ್ರೆ, ಇಲ್ಲ. ಬಂದ್ ದಿನ ಮೊದಲು ನಿಲ್ಲುವುದೇ ಬಸ್. ಅಂಗಡಿಯ ಶಟರ್ ಕೆಳಗೆ ಬರುತ್ತದೆ, ಶಾಲೆಗೆ ರಜೆ ಕೊಡುತ್ತಾರೆ, ಆಸ್ಪತ್ರೆಗೆ ಬಂದವರು ರಿಕ್ಷಾ ಸಿಗದೆ ಒದ್ದಾಡುತ್ತಾರೆ. ಕರಾವಳಿಯವರಾದ ನಮಗೆ ಇದರ ಅನುಭವ ಚೆನ್ನಾಗಿ ಇದೆ. ಬಹುಶಃ ಅದಕ್ಕೇ 'ರಸ್ತೆಯಲ್ಲಿ ಕಾರಿಲ್ಲ' ಅಂದ ಕೂಡಲೇ ಮನಸ್ಸಿಗೆ ಬಂದ್ ಬರುತ್ತದೆ. ಕಾರ್‌ರಹಿತ ದಿನದಲ್ಲಿ ಇದೆಲ್ಲ ಉಲ್ಟಾ. ಬಸ್ ಓಡುವುದರ ಮೇಲೆಯೇ ಇಡೀ ದಿನ ನಿಂತಿರುತ್ತದೆ. ಬ್ರಸೆಲ್ಸ್‌ನಲ್ಲಿ ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ 9.30ರಿಂದ ಸಂಜೆ 7ರವರೆಗೆ ಕಾರು ಬಿಡುವುದಿಲ್ಲ, ಆದರೆ ಸಿಟಿಯ ಬಸ್, ಟ್ರಾಮ್, ಮೆಟ್ರೋ ಓಡುತ್ತವೆ, ಅದೂ ಟಿಕೆಟ್ ಇಲ್ಲದೆ. ಟ್ಯಾಕ್ಸಿಗೆ, ಆಂಬುಲೆನ್ಸಿಗೆ, ಅಗ್ನಿಶಾಮಕಕ್ಕೆ ತಡೆಯಿಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 2000ದ ಫೆಬ್ರವರಿ 24ರಂದು, ಅದೂ ಗುರುವಾರ, ಕಚೇರಿ ಶಾಲೆ ಎಲ್ಲ ತೆರೆದಿರುವ ದಿನ, ಖಾಸಗಿ ಕಾರುಗಳನ್ನು ನಿಲ್ಲಿಸಿದರು. ಜನ ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ನಡೆದು ಕೆಲಸಕ್ಕೆ ಹೋದರು. ಆಗಿನ ಮೇಯರ್ ಎನ್ರಿಕೆ ಪೆನ್ಯಾಲೊಸಾ ಅಷ್ಟಕ್ಕೇ ಬಿಡಲಿಲ್ಲ. ಅದೇ ಅಕ್ಟೋಬರಿನಲ್ಲಿ ಪ್ರತಿವರ್ಷ ಇದು ಬೇಕೋ ಬೇಡವೋ ಎಂದು ಜನಮತಕ್ಕೆ ಹಾಕಿದರು. ಜನ ಬೇಕು ಎಂದರು. ಬಂದ್ ಬೇಕು ಎಂದು ಯಾವ ಊರಿನ ಜನ ಮತ ಹಾಕಿದ್ದಾರೆ, ಹೇಳಿ?

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ದೆಹಲಿ ಇದೆ. 2015ರ ಅಕ್ಟೋಬರ್ 22ರಂದು ಅಲ್ಲಿ ಕಾರು ನಿಂತದ್ದು ಕೆಂಪುಕೋಟೆಯಿಂದ ಇಂಡಿಯಾ ಗೇಟ್‌ವರೆಗಿನ ದಾರಿಯಲ್ಲಿ ಮಾತ್ರ, ಅದೂ ಬೆಳಗ್ಗಿನ ಕೆಲವು ಗಂಟೆ. ಊರಿಗೆ ಊರೇ ಮುಚ್ಚಬೇಕಿಲ್ಲ, ಒಂದು ರಸ್ತೆ ಸಾಕು.

ಆಸ್ಪತ್ರೆಯ ಮಾತಿಗೆ ಬಂದರೆ, ಸಂಜೆ ಆರಕ್ಕೆ ಮಂಗಳೂರಿನ ಜ್ಯೋತಿ ವೃತ್ತದಿಂದ ಹಂಪನಕಟ್ಟೆಗೆ ಆಂಬುಲೆನ್ಸ್ ಹೇಗೆ ಬರುತ್ತದೆ ಎಂದು ಒಮ್ಮೆ ನಿಂತು ನೋಡಿ. ಸೈರನ್ ಕೂಗುತ್ತಲೇ ಇರುತ್ತದೆ, ಮುಂದಿನ ಕಾರಿಗೆ ಸರಿಯಲು ಜಾಗವೇ ಇರುವುದಿಲ್ಲ. ಕಾಸರಗೋಡಿನಿಂದ, ಪುತ್ತೂರಿನಿಂದ ರೋಗಿಗಳು ಬರುವ ಊರು ಇದು. ಅವರಿಗೆ ಅಡ್ಡ ನಿಂತಿರುವುದು ಕಾರಿನ ಸಾಲು. ಅದನ್ನು ತೆಗೆಯುವ ದಿನಕ್ಕೆ ರೋಗಿಯ ಹೆಸರು ಹೇಳಿ ಹೆದರುವುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಉಡುಪಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಕೃಷ್ಣಮಠದ ಪರ್ಯಾಯದ ಮೆರವಣಿಗೆ ಹೊರಡುವಾಗ ಪೇಟೆಯ ರಸ್ತೆ ಪೂರ್ತಿ ನಡೆಯುವವರದ್ದು. ಆ ರಾತ್ರಿ ಹೋಟೆಲಿನವರು, ಬಳೆ ಅಂಗಡಿಯವರು ಬಾಗಿಲು ಹಾಕಿ ಮಲಗುತ್ತಾರೆಯೇ?

ಯಾರೂ ಕೇಳಲಿಲ್ಲ, ಆದರೂ ಇನ್ನೊಂದು ಹೇಳುತ್ತೇನೆ, ಏಕೆಂದರೆ ನನಗೆ ಇದೇ ಹೆಚ್ಚು ಮುಖ್ಯ ಅನಿಸುತ್ತದೆ: ಸೆಪ್ಟೆಂಬರ್ 22 ನಮಗೆ ಹೊಂದುವ ದಿನವೇ? ಆಗ ನಮ್ಮಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಕೊಡೆ ಹಿಡಿದು ಸೈಕಲ್ ಹೊಡೆಯಿರಿ ಎಂದರೆ ಯಾರು ಬರುತ್ತಾರೆ? ತಾರೀಕು ದೇವರು ಕೊಟ್ಟದ್ದೇನೂ ಅಲ್ಲ. ಬೊಗೊಟಾದವರು ಫೆಬ್ರವರಿಯ ಮೊದಲ ಗುರುವಾರ ಇಟ್ಟುಕೊಂಡಿದ್ದಾರೆ. ಜಕಾರ್ತದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮುಖ್ಯರಸ್ತೆಯಲ್ಲಿ ಕಾರಿಗೆ ಪ್ರವೇಶವಿಲ್ಲ. ನಮಗೂ ಹೊಂದುವ ಕಾಲ ಇದೆ: ರಥಸಪ್ತಮಿಗೆ ಮಂಗಳೂರಿನ ಕೊಡಿಯಾಲ್ ತೇರು ಎಳೆಯುವ ಸಮಯ. ಆ ದಿನ ವೆಂಕಟರಮಣ ದೇವಸ್ಥಾನದ ಎದುರಿನ ರಥಬೀದಿ ತುಂಬ ಜನವೇ ಇರುತ್ತಾರೆ. ಅದನ್ನೇ ನಾವು ಕಾರ್ ಸ್ಟ್ರೀಟ್ ಎನ್ನುತ್ತೇವೆ. ಆ ಹೆಸರಿನ 'ಕಾರ್' ಮೋಟಾರು ಕಾರಲ್ಲ, ತೇರು. ಇಂಗ್ಲಿಷರು ದೇವರ ರಥವನ್ನು ಕಾರ್ ಎಂದೇ ಕರೆಯುತ್ತಿದ್ದರು.

ತೇರಿನ ಆಸುಪಾಸಿನ ಒಂದು ಭಾನುವಾರ, ಬೆಳಿಗ್ಗೆ ಆರರಿಂದ ಹತ್ತರವರೆಗೆ, ಪೇಟೆಯ ಒಂದೇ ಒಂದು ರಸ್ತೆ. ಹಾಗೆ ನಿಶ್ಚಯವಾದರೆ ಮೊದಲು ಕರೆದು ಕೂರಿಸಿ ಮಾತಾಡಬೇಕಾದದ್ದು ಬಸ್ ಮಾಲಕರನ್ನು. ಭಾನುವಾರ ಎಂದು ಟ್ರಿಪ್ ಕಡಿಮೆ ಮಾಡದೆ, ಆ ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸೋಮವಾರದಷ್ಟೇ ಬಸ್ ಹೊರಡಬೇಕು.