ಟಾವಿ ಗೆವಿನ್ಸನ್: ಟೋಪಿಗೆ ಎರಡು ಸಾಲು, ಟೈಮ್‌ಟೇಬಲ್ಲಿಗೆ ಒಂದು ಪುಟ

ಭಾನುವಾರ ಮುಂಬಯಿಯ ಮಾಟುಂಗದಲ್ಲಿ ಕೂತು ಓದುವ ನಮ್ಮ ಐದಾರು ಜನಕ್ಕಾಗಿ ಬರೆದ ಟಿಪ್ಪಣಿ ಇದು. ಹದಿಹರೆಯದ ಬರಹಗಾರರು ಮತ್ತು ಮಾಧ್ಯಮ ಅಂತ ಪ್ರಶ್ನೆ ಬಂದರೆ ಸಾಕು, ನಾವೆಲ್ಲ ಹುಡುಗಿಯಾಗಿದ್ದಾಗಲೇ ಪತ್ರಿಕೆ ಕಟ್ಟಿದ ಅಮೆರಿಕದ ಟಾವಿ ಗೆವಿನ್ಸನ್ ಹೆಸರು ಬರೆದು, ಟೋಪಿಯ ಕಥೆ ಹೇಳಿ, ಪೆನ್ನು ಮುಚ್ಚಿಬಿಡುತ್ತೇವೆ. ಕಳೆದ ಟೆಸ್ಟಿನಲ್ಲಿ ನಾನೂ ಅದನ್ನೇ ಮಾಡಿದೆ. ಹತ್ತಕ್ಕೆ ನಾಲ್ಕು ಬಂತು. ಕೊಟ್ಟದ್ದೇ ಜಾಸ್ತಿ ಅಂತ ಈಗ ಅನ್ನಿಸುತ್ತದೆ.

ಮೊದಲು ಆ ಟೋಪಿಯನ್ನು ಮುಗಿಸಿಬಿಡೋಣ. 2010ರ ಜನವರಿ, ಪ್ಯಾರಿಸ್‌ನಲ್ಲಿ ಡಿಯೋರ್ ಕಂಪನಿಯ ಫ್ಯಾಶನ್ ಶೋ. ಅತಿಥಿಗಳ ನಡುವೆ 13 ವರ್ಷದ ಟಾವಿ, ತಲೆಯ ಮೇಲೆ ಟೋಪಿಯಾಗಿ ದೊಡ್ಡದೊಂದು ಗುಲಾಬಿ ಬೋ, ಅಂದರೆ ರಿಬ್ಬನ್ ಗಂಟು. ಹಿಂದೆ ಕೂತಿದ್ದ ಪತ್ರಕರ್ತೆಗೆ ಬೋ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅದನ್ನೇ ಫೋಟೊ ಹೊಡೆದು ಟ್ವಿಟರಿಗೆ ಹಾಕಿದರು. ಮದುವೆ ಹಾಲಿನಲ್ಲಿ ವಿಡಿಯೊದವನ ಬೆನ್ನು ನೋಡುತ್ತಾ ಗೊಣಗುವ ನಮ್ಮ ದೊಡ್ಡಮ್ಮಂದಿರ ಸಂಕಟವೇ ಅದು, ಸ್ವಲ್ಪ ದುಬಾರಿ ಜಾಗದಲ್ಲಿ. ಈ ಹುಡುಗಿಗೆ ಅಲ್ಲೇನು ಕೆಲಸ ಅಂತ ಫ್ಯಾಶನ್ ಲೋಕದ ಹಿರಿಯರು ಕೇಳಿದ್ದರ ಗುರುತು ಆ ಫೋಟೊ. ಉತ್ತರದಲ್ಲಿ ಇದಕ್ಕೆ ಎರಡು ಸಾಲು ಸಾಕು.

ಹುಟ್ಟಿದ್ದು 1996, ಶಿಕಾಗೊ. ಬೆಳೆದದ್ದು ಪಕ್ಕದ ಓಕ್ ಪಾರ್ಕ್‌ನಲ್ಲಿ. ಅಪ್ಪ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಅಮ್ಮ ನಾರ್ವೆ ಮೂಲದ ನೇಕಾರ್ತಿ. 2008ರಲ್ಲಿ, 11ನೇ ವಯಸ್ಸಿನಲ್ಲಿ, 'ಸ್ಟೈಲ್ ರೂಕಿ' ಅಂತ ಬ್ಲಾಗ್ ಶುರು ಮಾಡಿದಳು. ರೂಕಿ ಅಂದರೆ ಹೊಸಬಳು, ಇನ್ನೂ ಕೈ ಪಳಗದವಳು. ಹಳೆ ಬಟ್ಟೆಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಹಾಕಿಕೊಂಡು ನಿಲ್ಲುವುದು, ಫೋಟೊ ತೆಗೆಯುವುದು, ಕೆಳಗೆ ನಾಲ್ಕು ಮಾತು ಬರೆಯುವುದು. ಆ ನಾಲ್ಕು ಮಾತು ಎಷ್ಟು ಚುರುಕಾಗಿದ್ದವು ಅಂದರೆ, ಇದನ್ನು ಮಗು ಬರೆದಿರಲಿಕ್ಕಿಲ್ಲ, ಹಿಂದೆ ಯಾರೋ ದೊಡ್ಡವರಿದ್ದಾರೆ ಅಂತ ಕೆಲವರು ಅನುಮಾನಪಟ್ಟರು. ಬರಹಗಾರ್ತಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಬೇಕಾ?

ಈಗ ನಿಜವಾದ ವಿಷಯಕ್ಕೆ ಬರೋಣ. 2011ರ ಸೆಪ್ಟೆಂಬರಿನಲ್ಲಿ, 15ನೇ ವಯಸ್ಸಿಗೆ, ಹದಿಹರೆಯದ ಹುಡುಗಿಯರಿಗಾಗಿ 'ರೂಕಿ' ಎಂಬ ಆನ್‌ಲೈನ್ ಪತ್ರಿಕೆ ಆರಂಭಿಸಿದಳು. ತಿಂಗಳಿಗೊಂದು ವಿಷಯ. ವಾರದ ದಿನಗಳಲ್ಲಿ ದಿನಕ್ಕೆ ಮೂರು ಸಲ ಹೊಸ ಬರಹ: ಶಾಲೆ ಬಿಟ್ಟ ಮೇಲೆ ಒಂದು, ರಾತ್ರಿ ಊಟದ ಹೊತ್ತಿಗೆ ಒಂದು, ಮಲಗುವ ಮುಂಚೆ ಒಂದು.

ಈ ಟೈಮ್‌ಟೇಬಲನ್ನು ಇನ್ನೊಮ್ಮೆ ಓದಿ. ಬೆಳಿಗ್ಗೆ ಏನೂ ಇಲ್ಲ, ಯಾಕೆಂದರೆ ಓದುವವಳು ಕ್ಲಾಸಿನಲ್ಲಿದ್ದಾಳೆ. ಬರೆಸುವವಳೂ ಕ್ಲಾಸಿನಲ್ಲೇ ಇದ್ದಾಳೆ! ಹುಡುಗಿಯೊಬ್ಬಳ ದಿನದಲ್ಲಿ ಅವಳದೇ ಅನ್ನುವ ಹೊತ್ತು ಯಾವುದು ಅಂತ ಒಳಗಿನಿಂದ ಗೊತ್ತಿದ್ದವರು ಮಾತ್ರ ಹೀಗೆ ಪತ್ರಿಕೆ ಕಟ್ಟಬಲ್ಲರು.

ನಮಗೆ ಇದು ಹೊಸದೇನಲ್ಲ. ನಮ್ಮಜ್ಜ ಹುಡುಗನಾಗಿ ಊರು ಬಿಟ್ಟು ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದವರು, ಓದಿದ್ದು ಕನ್ನಡ ರಾತ್ರಿ ಶಾಲೆಯಲ್ಲಿ. ಹುಡುಗರು ಕೈ ಒರೆಸಿಕೊಂಡು ಬಂದ ಮೇಲೇ ಗಂಟೆ ಹೊಡೆಯುತ್ತಿದ್ದರಂತೆ. ಮುಂಬಯಿಯ ರಾತ್ರಿ ಶಾಲೆಗಳು ಓದುವವನ ದಿನ ನೋಡಿ ಪಾಠದ ಹೊತ್ತು ಇಟ್ಟವು. ನಾವು ಮಾತ್ರ ನಮ್ಮ ವಾಟ್ಸಾಪ್ ಗೋಡೆಪತ್ರಿಕೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲರೂ ಲೆಕ್ಚರಿನಲ್ಲಿದ್ದಾಗ, ಹಾಕಿ ಯಾರೂ ಓದಲ್ಲ ಅಂತ ಬೇಸರಪಟ್ಟೆವು.

ಒಳಗಿನ ಸರಕೂ ಅಷ್ಟೇ. ಓದುಗ ಹುಡುಗಿಯರೇ ಬರೆದು ಕಳಿಸುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು. ಹೆಸರಾಂತ ನಟರು ಕ್ಯಾಮೆರಾ ಮುಂದೆ ಕೂತು ಹುಡುಗಿಯರ ಪ್ರಶ್ನೆಗೆ ಉತ್ತರಿಸುವ ವಿಡಿಯೊ ಸರಣಿಯೊಂದಿತ್ತು. ಪ್ರಶ್ನೆ ಕೇಳುವವಳು ಎಲ್ಲೋ ಒಂದು ಊರಿನ ಸಾಮಾನ್ಯ ಹುಡುಗಿ, ತಡವರಿಸುವವರು ಸ್ಟಾರ್‌ಗಳು. 2012ರಿಂದ ವರ್ಷಕ್ಕೊಂದರಂತೆ, ಆಯ್ದ ಬರಹಗಳ ನಾಲ್ಕು ಸಂಪುಟ ಪುಸ್ತಕವಾಗಿಯೂ ಬಂದವು. ಅದೇ 2012ರಲ್ಲಿ ಟೆಡ್‌ಎಕ್ಸ್ ಟೀನ್ ಎಂಬ ಭಾಷಣ ವೇದಿಕೆಯಲ್ಲಿ ಮಾಡಿದ ಭಾಷಣದಲ್ಲಿ, ಸಿನಿಮಾ-ಟಿವಿಯ 'ಗಟ್ಟಿ ಹೆಣ್ಣು' ಪಾತ್ರಗಳು ಯಾಕೆ ಸಪ್ಪೆ ಅಂತ ಅವಳು ವಿವರಿಸುತ್ತಾಳೆ: ಒಂದೇ ಗುಣ ಹಚ್ಚಿ ಬಿಟ್ಟಿರುತ್ತಾರೆ, ಒಳಗೆ ಗೊಂದಲವೇ ಇರುವುದಿಲ್ಲ. ತನಗೂ ಎಲ್ಲ ತಿಳಿದಿಲ್ಲ, ಇನ್ನೂ ಹುಡುಕುತ್ತಿದ್ದೇನೆ ಅನ್ನುತ್ತಾಳೆ. ಸಂಪಾದಕಿಯಾಗಿ ಬುದ್ಧಿ ಹೇಳುವ ಕುರ್ಚಿಯಲ್ಲಿ ಕೂರದೆ ಇದ್ದದ್ದು ಜಾಣತನ ಅಂತ ನನ್ನ ಲೆಕ್ಕ.

ನಟನೆಯ ಭಾಗ ಬೇಗ ಮುಗಿಸಿ. 2014ರಲ್ಲಿ ಹೈಸ್ಕೂಲ್ ಮುಗಿಸಿ ನ್ಯೂಯಾರ್ಕಿಗೆ ಹೋದಳು, ಅದೇ ವರ್ಷ ಅಲ್ಲಿನ ಬ್ರಾಡ್‌ವೇ ನಾಟಕರಂಗಕ್ಕೆ ನಟಿಯಾಗಿ ಬಂದಳು.

2018ರ ನವೆಂಬರಿನಲ್ಲಿ 'ರೂಕಿ' ನಿಂತಿತು. ನಿಲ್ಲಿಸುವಾಗ ಅವಳು ಬರೆದ ಪತ್ರವೇ ಒಳ್ಳೆಯ ಪಠ್ಯ. ಹಣ ಸಾಲುತ್ತಿಲ್ಲ. ಮಾರಬಹುದು, ಹೂಡಿಕೆದಾರರನ್ನು ಹಿಡಿಯಬಹುದು, ಓದುಗರಿಂದ ಚಂದಾ ಕೇಳಬಹುದು. ಒಂದೊಂದನ್ನೂ ಎತ್ತಿ ನೋಡಿ, ಯಾಕೆ ಬೇಡ ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಆಗ ಅವಳಿಗೆ 22. ಓದುಗರಿಂದ ತಿಂಗಳಿಗೆ ಒಂದಿಷ್ಟು ಕೇಳಿದ್ದರೆ ಪತ್ರಿಕೆ ನಡೆಯುತ್ತಿತ್ತೇನೋ ಅಂತ ನಾನು. ಅವಳು ಶಾಲೆ ಮುಗಿಸಿ ಮನೆಗೆ ಬರುವ ಹುಡುಗಿಯಾಗಿ ಉಳಿದಿರಲಿಲ್ಲ, ನಿಲ್ಲಿಸಿದ್ದೇ ಸರಿ ಅಂತ ನನ್ನ ತಂಗಿ. ಭಾನುವಾರ ಈ ಜಗಳ ಮುಂದುವರಿಸೋಣ, ಪತ್ರ ಓದಿಕೊಂಡು ಬನ್ನಿ. ಉದ್ದ ಇದೆ. ಕಲ್ಯಾಣದಲ್ಲಿ ಸ್ಲೋ ಲೋಕಲಿನಲ್ಲಿ ಸೀಟು ಸಿಕ್ಕರೆ ಮಾಟುಂಗ ಬರುವಷ್ಟರಲ್ಲಿ ಮುಗಿಯುತ್ತದೆ.