ಹೊಲಕ್ಕೆ ಜಾಮೀನು ಕೇಳಿದವರು
ಕಳೆದ ತಿಂಗಳು ಒಬ್ಬ ಯುವಕ ತಂದೆಯ ಪಹಣಿ ಹಿಡಿದುಕೊಂಡು ಗಾಬರಿಯಿಂದ ಬಂದ. ‘ಸರ್, ಅಪ್ಪನ ಹೊಲದ ಮೇಲೆ ಚಾರ್ಜ್ ಇದೆ ಎಂದು ಬ್ಯಾಂಕಿನವರು ಹೇಳಿದರು. ನಿರೀಕ್ಷಣಾ ಜಾಮೀನು ಸಿಗಬಹುದೇ?’ ಎಂದ. ಹೊಲಕ್ಕೆ ಜಾಮೀನು ಕೇಳಿಕೊಂಡು ನನ್ನ ವಕೀಲಿ ಕಚೇರಿಗೆ ಬಂದವರಲ್ಲಿ ಇವನು ಮೊದಲನೆಯವನಲ್ಲ.

ಅವನನ್ನು ಬೈಯುವುದು ಹೇಗೆ? ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಲಾಠಿ ಚಾರ್ಜ್ ಮಾಡುತ್ತಾರೆ. ಹೋಟೆಲಿನ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇರುತ್ತದೆ. ವರ್ಗವಾದ ಅಧಿಕಾರಿ ಚಾರ್ಜ್ ಕೊಟ್ಟು ಹೋಗುತ್ತಾರೆ. ಮೊಬೈಲಿನಲ್ಲಂತೂ ಬೇಕಾದ ಹೊತ್ತಿಗೆ ಚಾರ್ಜ್ ಇರುವುದೇ ಇಲ್ಲ. (ಚಾರ್ಜ್‌ಶೀಟ್ ಹಾಕಿದ ಮಾತ್ರಕ್ಕೆ ಚಾರ್ಜ್ ಆಯಿತು ಎಂದಲ್ಲ, ಅದನ್ನು ಹೊರಿಸುವವರು ನ್ಯಾಯಾಧೀಶರು. ಆ ಜಗಳ ಇನ್ನೊಮ್ಮೆ.)

ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ, ಬಂಡಿಗೆ ಹೇರುವುದು ಎಂಬ ಅರ್ಥದಲ್ಲಿ. ಕಾರು, ಕಾರ್ಗೋ ಎರಡೂ ಇದರ ನೆಂಟರೇ. ನಾವೂ ಆರೋಪವನ್ನು ‘ಹೊರಿಸುತ್ತೇವೆ’, ಪ್ರಭಾರದಲ್ಲಿ ‘ಭಾರ’ವನ್ನು ಇಟ್ಟುಕೊಂಡಿದ್ದೇವೆ. ಉತ್ತರ ಕರ್ನಾಟಕದ ರೈತರಂತೂ ಪಹಣಿಯ ಮೇಲಿನ ಚಾರ್ಜನ್ನು ‘ಬೋಜಾ’ ಎನ್ನುತ್ತಾರೆ, ಅಂದರೆ ಹೊರೆ. ಹಿಂದೊಮ್ಮೆ ವಯಸ್ಸಾದ ಕಕ್ಷಿದಾರರೊಬ್ಬರಿಗೆ ಕಾಲು ಗಂಟೆ ಕಾನೂನು ಹೇಳಿದ್ದೆ. ‘ಬೋಜಾ ಎಂದಿದ್ದರೆ ಆಗಲೇ ತಿಳಿಯುತ್ತಿತ್ತಲ್ಲ, ವಕೀಲರೇ’ ಎಂದು ಅವರು ಎದ್ದು ಹೊರಟರು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೇ ಕಲಮು ಹೇಳುವ ಚಾರ್ಜ್ ಇದೇ ಹೊರೆ. ಹೊಲ ನಿಮ್ಮದೇ, ಉಳುಮೆಯೂ ನಿಮ್ಮದೇ. ಸಾಲ ಬಾಕಿ ಉಳಿದರೆ ಆ ಹೊಲದಿಂದ ವಸೂಲಿ ಮಾಡಿಕೊಳ್ಳುವ ದಾರಿ ಸಾಲ ಕೊಟ್ಟವರಿಗೆ ಇರುತ್ತದೆ, ಅಷ್ಟೇ. ಅಡಮಾನದಲ್ಲಿ ಆಸ್ತಿಯ ಮೇಲಿನ ಒಂದು ಹಿತಾಸಕ್ತಿಯೇ, ಅಂದರೆ ಹಕ್ಕಿನ ಒಂದು ಪಾಲೇ, ಅವರಿಗೆ ವರ್ಗವಾಗುತ್ತದೆ. ಚಾರ್ಜಿನಲ್ಲಿ ಹಾಗಾಗುವುದಿಲ್ಲ. ಸಹಕಾರ ಸಂಘದ ಬೆಳೆ ಸಾಲಕ್ಕೆ ನೀವು ಸಹಿ ಹಾಕಿದ ಘೋಷಣೆಯೇ ಪಹಣಿಯ ಋಣದ ಕಾಲಂನಲ್ಲಿ ಬಂದು ಕೂತಿರುತ್ತದೆ. ಇದರಲ್ಲಿ ಅಪರಾಧವೂ ಇಲ್ಲ, ಪೊಲೀಸರೂ ಇಲ್ಲ.

ನನ್ನ ತಾಳ್ಮೆ ಕೆಡುವುದು ಇದರ ಮುಂದಿನ ಹಂತದಲ್ಲಿ. ಸಾಲ ತೀರುವುದು ಬೇರೆ, ದಾಖಲೆಯಲ್ಲಿ ಬೋಜಾ ಇಳಿಯುವುದು ಬೇರೆ. ಕೊನೆಯ ಕಂತು ಕಟ್ಟಿ, ಬೇಬಾಕಿ ಪತ್ರ (ಬಾಕಿ ಇಲ್ಲವೆಂಬ ಕಾಗದ) ಪಡೆದು, ಮಡಚಿ ಟ್ರಂಕಿನಲ್ಲಿ ಇಟ್ಟರೆ ಪಹಣಿಗೆ ಅದು ಗೊತ್ತಾಗುವುದಿಲ್ಲ. ಟ್ರಂಕಿನೊಳಗಿನ ಕಾಗದವನ್ನು ತಹಶೀಲ್ದಾರ್ ಕಚೇರಿಯವರು ಬಂದು ಓದುವುದಿಲ್ಲ! ಋಣ ತೀರಿದ್ದು ಕಂದಾಯ ದಾಖಲೆಗೆ ಏರಬೇಕು, ಏರಿದ ಮೇಲೆ ಹೊಸ ಪಹಣಿ ತೆಗೆದು ಆ ಕಾಲಂ ಅನ್ನು ಕಣ್ಣಾರೆ ನೋಡಬೇಕು. ಸಂಘದವರೇ ಕಳುಹಿಸಿರುತ್ತಾರೆ ಎಂದುಕೊಂಡು ಕೂರಬೇಡಿ. ಜೀವನಾಂಶ ಕೊಡಬೇಕೆಂಬ ಕೋರ್ಟಿನ ಡಿಕ್ರಿಯಿಂದ ಬಂದ ಚಾರ್ಜ್ ಆಗಿದ್ದರೆ ದಾರಿಯೇ ಬೇರೆ. ಆದ್ದರಿಂದ ಕಾಗದ ನೋಡದೆ ನಾನು ಯಾರಿಗೂ ಖಚಿತವಾಗಿ ಹೇಳುವುದಿಲ್ಲ, ಫೋನಿನಲ್ಲಂತೂ ಇಲ್ಲವೇ ಇಲ್ಲ.

ಆ ಯುವಕನ ತಂದೆ ಸಾಲ ತೀರಿಸಿ ವರ್ಷಗಳೇ ಆಗಿದ್ದವು. ಬೇಬಾಕಿ ಪತ್ರ ಟ್ರಂಕಿನಲ್ಲಿ, ಹಳೆಯ ಲಗ್ನಪತ್ರಿಕೆಗಳ ನಡುವೆ ಸಿಕ್ಕಿತು. ಸಂಘದ ಮೊಹರು ಅಳಿಸಿಹೋಗಿತ್ತು. ಈಗ ಇನ್ನೊಂದು ಪ್ರತಿಗಾಗಿ ಅಪ್ಪ, ಮಗ ಇಬ್ಬರೂ ಸಂಘಕ್ಕೆ ಅಲೆಯುತ್ತಿದ್ದಾರೆ.